ತಂಬಿಗೆ ಕಾಣದ ಒಪ್ಪಿಗೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತಿನ ವಿಷಯ ನನಗೆ ಗೊತ್ತಿಲ್ಲ, ನಮ್ಮ ಮನೆತನದಲ್ಲಿ ಮುತ್ತು ಕಂಡವರು ಯಾರೂ ಇಲ್ಲ. ಮಾತಿನ ವಿಷಯದಲ್ಲಿ ಮಾತ್ರ ಆ ಗಾದೆ ನಮ್ಮೂರಿಗೆ ಒಗ್ಗುವುದಿಲ್ಲ. ಇಲ್ಲಿ ತಾಮ್ರದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಯ ಹತ್ತಿರ ತಂದು ‘ಒಪ್ಪಿದೆ’ ಅಂದರೆ ಆ ಮಾತು ಅದರೊಳಗೇ ಕೂತುಬಿಡುತ್ತದೆ. ಹತ್ತು ವರ್ಷದ ಮೇಲೆ ಕಿವಿಗೆ ಹಿಡಿದರೂ ಅದೇ ದನಿ, ಅದೇ ಉಸಿರು, ಆಗ ನೆಗಡಿಯಾಗಿದ್ದರೆ ನೆಗಡಿಯೂ ಸೇರಿ. ಮನಸ್ಸಿಲ್ಲದೆ ಅಂದದ್ದಾದರೆ ಮೂರು ದಿನದೊಳಗೆ ತಂಬಿಗೆ ಹಸಿರುಗಟ್ಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ, ಬೂದಿ ಹಾಕಿ ತಿಕ್ಕಿ, ಆ ಹಸಿರು ಹೋಗುವುದಿಲ್ಲ.

ಹೀಗಾಗಿ ಹೊಲ ಮಾರುವವರು, ಮದುವೆಯಾಗುವವರು, ಪಾಲು ಮಾಡಿಕೊಳ್ಳುವವರು ಎಲ್ಲರೂ ತಂಬಿಗೆಯಲ್ಲಿ ‘ಒಪ್ಪಿದೆ’ ಅಂದು, ಬಾಯಿಗೆ ಬಟ್ಟೆ ಕಟ್ಟಿ, ಮೂರು ದಿನ ಮನೆಯಲ್ಲಿಟ್ಟು, ನಾಲ್ಕನೆಯ ದಿನ ಒಪ್ಪಿಗೆ ಕಚೇರಿಗೆ ತರುತ್ತಾರೆ. ಅಲ್ಲಿ ಅದರ ಬಣ್ಣ ನೋಡಿ, ಕಿವಿಗೆ ಹಿಡಿದು ಕೇಳಿ, ಸರಿಯಿದ್ದರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವವನಿಗೆ ಕಿವಿಗಾರ ಅನ್ನುತ್ತಾರೆ. ಆ ಕಿವಿಗಾರ ನಾನು, ಪರ್ವತಪ್ಪ. ಇಪ್ಪತ್ತೇಳು ವರ್ಷದ ಸರ್ವೀಸು. ಎಡಗಿವಿ ಬಲಗಿವಿಗಿಂತ ಸ್ವಲ್ಪ ಚಪ್ಪಟೆಯಾಗಿದೆ, ನೋಡಿದರೆ ಗೊತ್ತಾಗುತ್ತದೆ.

ಊರಿನವರು ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಸ್ನಾನದ ಹಂಡೆ ತಾಮ್ರದ್ದಾಗಿದ್ದರೆ ಬಚ್ಚಲಲ್ಲಿ ಯಾರೂ ಯಾವುದಕ್ಕೂ ಒಪ್ಪುವುದಿಲ್ಲ. ಹಿಂದೆ ಒಬ್ಬ ತಲೆಗೆ ನೀರು ಹಾಕಿಕೊಳ್ಳುತ್ತಾ, ಹೆಂಡತಿ ಹೊರಗಿನಿಂದ ಕೂಗಿದ್ದಕ್ಕೆ ಹಂಡೆ ಹಿಡಿದು ‘ಒಪ್ಪಿದೆ ಮಾರಾಯ್ತಿ’ ಅಂದುಬಿಟ್ಟ. ಅವಳು ಕೇಳಿದ್ದು ತನ್ನ ತಮ್ಮನನ್ನು ಮನೆಯಲ್ಲಿ ಇಟ್ಟುಕೊಳ್ಳೋಣವೇ ಅಂತ. ತಮ್ಮ ಇವತ್ತಿಗೂ ಅಲ್ಲೇ ಇದ್ದಾನೆ, ಹಂಡೆ ಹಸಿರಾಗಿದೆ. ಅಂದಿನಿಂದ ನಮ್ಮೂರಿನವರು ಏನು ಕೇಳಿದರೂ ‘ನೋಡೂಣಂತ’ ಅನ್ನುವುದು ರೂಢಿ. ಊಟ ಮಾಡುತ್ತೀಯಾ ಅಂದರೂ ‘ನೋಡೂಣಂತ’. ಬೇರೆ ಊರಿನವರಿಗೆ ನಾವು ಬಲು ಜಾರಿಕೊಳ್ಳುವ ಜನ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಇಂಥ ಊರಿಗೆ ಫೋನು ಬಂದವು. ಫೋನಿನಲ್ಲಿ ‘ಒಪ್ಪಿದೆ’ ಎಂಬ ಕಡೆ ಬೆರಳು ಒತ್ತಿದರೆ ಅದೂ ಒಪ್ಪಿಗೆಯಂತೆ. ದನಿ ಇಲ್ಲ, ಉಸಿರಿಲ್ಲ, ಒತ್ತಿದವನಿಗೆ ಮನಸ್ಸಿತ್ತೋ ಇಲ್ಲವೋ ತಿಳಿಯುವ ಹಾಗಿಲ್ಲ, ಪ್ಲಾಸ್ಟಿಕ್ಕು ಹಸಿರಾಗುವುದಿಲ್ಲ. ಊರ ಸಭೆ ಕೂಡಿತು. ನಮ್ಮ ಕಚೇರಿಯ ಮುಖ್ಯಸ್ಥೆ ಜುಬೇದಾ ಮೇಡಂ ಎದ್ದು ನಿಂತು, “ಒಪ್ಪಿಗಿ ತಂಬಿಗಿಯೊಳಗ ಇಲ್ಲ ಅನ್ನೂ ಒಂದ ಕಾರಣಕ್ಕ ಅದನ್ನ ತಳ್ಳಿಹಾಕೂ ಹಾಂಗಿಲ್ಲ. ದುಡಿಯಾಕ ದೂರ ಹೋದ ಮಂದಿ ಒಂದ ಮಾತು ಹೇಳಾಕ ಊರಿಗೆ ಬರಬೇಕೇನು?” ಅಂದರು. ನನಗೆ ಮೈಯೆಲ್ಲ ಉರಿದು ಹೋಯಿತು. ಅರ್ಧ ಗಂಟೆ ಕೂಗಾಡಿದೆ. ಹಸಿರು ಬರದ ವಸ್ತುವನ್ನು ನಂಬುವುದಾದರೆ ನನ್ನ ಎರಡೂ ಕಿವಿ ಕೊಯ್ದು ಕಚೇರಿಯ ಬಾಗಿಲಿಗೆ ಕಟ್ಟಿ ಅಂದೆ. ಕೊನೆಗೆ ಸಭೆ ಫೋನಿನ ಒಪ್ಪಿಗೆಯೂ ಆಗುತ್ತದೆ ಎಂದು ತೀರ್ಮಾನಿಸಿ, ನನ್ನ ಬಾಯಿ ಮುಚ್ಚಿಸಲೆಂದೇ ಅದಕ್ಕೆ ಮೂರು ಪ್ರಶ್ನೆಗಳನ್ನು ಸೇರಿಸಿತು, ಮೂರೂ ನಾನೇ ಹೇಳಿದವು. ಫೋನಿನ ಒಪ್ಪಿಗೆ ಕೊಟ್ಟವರನ್ನು ಕರೆದು ಕೇಳಬೇಕು: ಬೇಕಿದ್ದರೆ ಹಳೆಯ ಪದ್ಧತಿಯಲ್ಲೇ ಕೊಡಬಹುದಿತ್ತು ಎಂಬುದು ನಿಮಗೆ ಗೊತ್ತೇ? ಕೊಟ್ಟದ್ದನ್ನು ನಿಮ್ಮ ಕೈಯಾರೆ ತೆಗೆದು ತೋರಿಸುತ್ತೀರಾ? ಬೇಡವೆನಿಸಿದರೆ ವಾಪಸ್ ತೆಗೆದುಕೊಳ್ಳಬಹುದು ಎಂಬುದು ಗೊತ್ತೇ? ಮೂರರಲ್ಲಿ ಒಂದು ತಪ್ಪಿದರೂ ಒಪ್ಪಿಗೆ ಬಿದ್ದಂತೆ.

ಆ ವರ್ಷವೇ ನೀರಿನ ಕಂಪನಿಯವರು ಸಿಕ್ಕಿಬಿದ್ದರು. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಬರೆದ ಚೀಟಿಯನ್ನು ಅವರ ಆಳು ಮನೆಮನೆಗೆ ಕೊಡುತ್ತಿದ್ದ. ಇನ್ನು ಮುಂದೆ ಚೀಟಿ ಬೇಡ, ಎಲ್ಲ ಫೋನಿನಲ್ಲೇ ಸಾಕು ಎಂದು ಮುನ್ನೂರ ನಲವತ್ತು ಮನೆಯವರು ಒತ್ತಿ ಒಪ್ಪಿದ್ದಾರೆ ಎಂದು ಕಂಪನಿ ಪಟ್ಟಿ ತಂದಿತು. ಊರಲ್ಲಿ ನೋಡಿದರೆ ಅರ್ಧ ಮಂದಿ ನೀರಿನ ದಿನ ತಪ್ಪಿಸಿಕೊಂಡು ಕೊಡ ಹಿಡಿದು ಅಲೆಯುತ್ತಿದ್ದರು. ನಾನು ಒಬ್ಬೊಬ್ಬರನ್ನೇ ಕರೆಸಿದೆ.

ಹಾಗೆ ಬಂದವಳು ಕಸ್ತೂರಿ, ಬಸ್ ಕಂಡಕ್ಟರು. ವಯಸ್ಸು ನಲವತ್ತೈದು, ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಎದೆಗೆ ತೂಗುಹಾಕಿದ ಟಿಕೆಟ್ ಮಷೀನು. ಆಕೆಯ ಬಸ್ಸು ದಿನಾ ಹನ್ನೊಂದೂ ಇಪ್ಪತ್ತಕ್ಕೆ ಹೋಗುವಾಗ, ನಾಲ್ಕೂ ಹತ್ತಕ್ಕೆ ಬರುವಾಗ ನಮ್ಮ ಸ್ಟ್ಯಾಂಡಿನಲ್ಲಿ ಎಂಟೆಂಟು ನಿಮಿಷ ನಿಲ್ಲುತ್ತದೆ. ಮನೆ ನಮ್ಮೂರಲ್ಲೇ ಇದ್ದರೂ ಹಗಲೆಲ್ಲ ಡ್ಯೂಟಿ, ಹೀಗಾಗಿ ಆ ಎಂಟು ನಿಮಿಷದಲ್ಲೇ ಓಡಿ ಬಂದಿದ್ದಳು.

“ಇದನ್ನ ಒತ್ತಿದ್ದು ನೀವ ಏನ್ರೀ?” ಅಂದೆ. “ನಾನ,” ಅಂದಳು. “ಚೀಟಿ ಬೇಕಂದ್ರ ಚೀಟಿನ ಕೊಡ್ತೀವಿ ಅಂತ ಮೊದಲ ಹೇಳಿದ್ರೇನು?” “ಇಲ್ರೀ.” “ತಗದು ತೋರಸ್ರಿ.” ಫೋನು ತೆಗೆದು ಎರಡು ನಿಮಿಷ ತಿಣುಕಿದಳು, ಅದು ಏನೋ ನಂಬರು ಕೇಳುತ್ತಿತ್ತು. “ಬರವಲ್ದು,” ಅಂದಳು. ಮೂರನೆಯದನ್ನೂ ಕೇಳಿದೆ, “ವಾಪಸ್ ತಗೋಬಹುದು ಅಂತ ಗೊತ್ತಿತ್ತೇನು?”

ಅವಳು ಫೋನು ಬಿಟ್ಟು ನನ್ನ ಮುಖ ನೋಡಿದಳು. “ಒಪ್ಪಿಗಿ ವಾಪಸ್ ತಗೋಬಹುದೇನ್ರಿ?”

“ತಗೋಬಹುದು.”

“ಯಾವಾಗಿಂದ?”

“ಹ್ವಾದ ತಿಂಗಳಿಂದ.”

“ನನಗ ಸ್ವಲ್ಪ ತಡಾ ಆತು ನೋಡ್ರಿ,” ಅಂದು ನಕ್ಕಳು. ಆಮೇಲೆ ಬಾಗಿಲ ತನಕ ಹೋದವಳು ತಿರುಗಿ, “ಇಂಥಾದ್ದೆಲ್ಲ ನನ್ನ ಕೇಳಿದವರು ನೀವ ಮೊದಲನೇದವರು,” ಅಂದು ಬಸ್ಸಿಗೆ ಓಡಿದಳು. ಮುನ್ನೂರ ನಲವತ್ತರಲ್ಲಿ ಮೂರನ್ನೂ ದಾಟಿದವರು ಹನ್ನೊಂದು ಜನ. ಉಳಿದದ್ದನ್ನೆಲ್ಲ ಹೊಡೆದುಹಾಕಿದೆ, ಚೀಟಿ ತರುವ ಆಳು ಮತ್ತೆ ಮನೆಮನೆಗೆ ಬಂದ. ಊರೆಲ್ಲ ನನ್ನನ್ನು ಹೊಗಳಿತು. ನನ್ನ ತಲೆಯಲ್ಲಿ ಮಾತ್ರ ಅವಳ ಆ ನಗುವೇ ತಿರುಗುತ್ತಿತ್ತು.

ನನಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ, ಈ ಮನುಷ್ಯನಿಗೆ ಊರಿನ ಗುಟ್ಟೆಲ್ಲ ಗೊತ್ತು ಎಂದು ಹೆದರಿ ‘ನೋಡೂಣಂತ’ ಅಂದು ಕಳಿಸಿದ್ದರು. ಐವತ್ತೊಂದಕ್ಕೆ ಬಂದಿದ್ದೆ. ಅಂಥವನು ದಿನಾ ಹನ್ನೊಂದೂ ಇಪ್ಪತ್ತಕ್ಕೆ ಕಚೇರಿ ಬಿಟ್ಟು, ಕಾಗದದಲ್ಲಿ ಗಿರಮಿಟ್ಟು ಕಟ್ಟಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದೆ. ಡ್ರೈವರ್ ಮೌನೇಶ ಮೊದಲು ನನ್ನನ್ನು ಪ್ರಯಾಣಿಕ ಅಂದುಕೊಂಡ, ಆಮೇಲೆ ಹುಚ್ಚ ಅಂದುಕೊಂಡ, ಕೊನೆಗೆ ವಿಷಯ ತಿಳಿದು ಬಸ್ಸನ್ನು ಒಂಬತ್ತು ನಿಮಿಷ ನಿಲ್ಲಿಸತೊಡಗಿದ. ಕಸ್ತೂರಿ ತಿನ್ನುತ್ತಾ ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಕೇಳುವುದೇ ಅಲ್ಲವೇ ನನ್ನ ಕಸುಬು? ಒಂದೂವರೆ ವರ್ಷ ಹೀಗೇ ನಡೆಯಿತು. ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದರಲ್ಲಿ ಏನಿದೆ, ಆ ಒಂಬತ್ತು ನಿಮಿಷಕ್ಕಾಗಿ ಉಳಿದ ದಿನವನ್ನು ಸಹಿಸಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಧೈರ್ಯ ಮಾಡಿದೆ. ಹೊಸ ತಂಬಿಗೆ ಕೊಂಡು, ಒರೆಸಿ, ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ, “ಕಸ್ತೂರಿಯವ್ರ, ನಿಮಗ ಮನಸ್ಸಿದ್ರ ನಾವಿಬ್ಬರೂ ಮದುವಿ ಆಗೂಣೇನು?” ಅಂದು ತಂಬಿಗೆಯನ್ನು ಮುಂದೆ ಹಿಡಿದೆ. ಅದನ್ನು ನೋಡಿದ್ದೇ ಅವಳ ಮುಖ ಕಪ್ಪಿಟ್ಟಿತು. “ಅದನ್ನ ಒಳಗ ಇಡ್ರಿ,” ಅಂದಳು, ಅಷ್ಟೇ. ಬಸ್ಸು ಹತ್ತಿ ಸೀಟಿ ಊದಿದಳು. ಗಿರಮಿಟ್ಟು ನನ್ನ ಕೈಯಲ್ಲೇ ಉಳಿಯಿತು.

ಮಂಗಳವಾರ, ಬುಧವಾರ ಅವಳು ಬಸ್ಸಿನಿಂದ ಇಳಿಯಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಊಟ ಸೇರಲಿಲ್ಲ. ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಇಳಿದು ಬಂದು, ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತಳು.

“ನನ್ನ ಮದುವಿ ಹತ್ತೊಂಬತ್ತಕ್ಕ ಆತು,” ಎಂದು ಶುರು ಮಾಡಿದಳು. “ಅಳಕೋತ ‘ಒಪ್ಪಿದೆ’ ಅಂದಿದ್ದೆ ರೀ, ನಮ್ಮ ಕಾಕಾ ಬೆನ್ನಿಂದ ನಿಂತಿದ್ದ. ಮರುದಿನಾನ ತಂಬಿಗಿ ಹಸಿರಾತು. ಕಾಕಾ ಅದನ್ನ ಬಾವಿಗೆ ಒಗದು, ಇನ್ನೊಂದು ತಂಬಿಗಿ ತಂದು ತನ್ನ ಮಗಳ ಕಡಿಂದ ಅನಿಸಿದ. ಆಕೀಗೇನು, ನಕ್ಕೋತ ಅಂದ್ಲು. ತಂಬಿಗಿ ಥಳಥಳಾ ಇತ್ತು. ಅದನ್ನ ನಿಮ್ಮ ಕಚೇರಿಯೊಳಗ ಕೊಟ್ಟು ಬಂದ. ನಾಲ್ಕು ವರ್ಷ ಆ ಮನ್ಯಾಗ ಇದ್ದೆ. ಆಮ್ಯಾಲ ಹೊರಗ ಬಿದ್ದು ಈ ನೌಕರಿ ಹಿಡದೆ. ಅವತ್ತಿನಿಂದ ನಾನು ತಂಬಿಗಿ ಮುಟ್ಟಿಲ್ಲ, ನೀರು ಸೈತ ಸ್ಟೀಲಿನಾಗ ಕುಡೀತೀನಿ.”

ನಾನು ಲೆಕ್ಕ ಹಾಕಿದೆ. ಇಪ್ಪತ್ತೇಳು ವರ್ಷ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಗ ಬಣ್ಣ ನೋಡುತ್ತಿದ್ದೆವು, ಮಾತು ಕೇಳಿಸುತ್ತದೆಯೇ ಎಂದು ನೋಡುತ್ತಿದ್ದೆವು, ಹುಡುಗಿಯನ್ನು ಕರೆದು ಈ ದನಿ ನಿನ್ನದೇನವ್ವಾ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ತಂಬಿಗೆ ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೆದುರು ಎದೆ ತಟ್ಟಿಕೊಂಡವನು ನಾನು. ತಂಬಿಗೆ ಸುಳ್ಳು ಹೇಳಿರಲಿಲ್ಲ ನಿಜ, ಅದನ್ನು ತಂದವನು ಹೇಳಿದ್ದ, ಬರೆದುಕೊಂಡವನು ಒಪ್ಪಿದ್ದ.

“ಆ ರಿಜಿಸ್ಟರಿನ್ಯಾಗ ಸಹಿ ನಂದ ಇರಬೇಕು ನೋಡ್ರಿ,” ಅಂದೆ.

“ಹೌದು. ಬಿಡುಗಡಿ ತಗೊಳ್ಳಾಕ ಬಂದಾಗ ನೋಡೀನಿ. ನಿಮ್ಮ ಹೆಸರು ನನಗ ಬಾಯಿಪಾಠ ಆಗಿತ್ತು.”

“ತಪ್ಪಾತ್ರಿ. ದೊಡ್ಡ ತಪ್ಪಾತು. ನಾನು ನಿಮ್ಮನ್ನ ಕರೆದು ಕೇಳಬೇಕಿತ್ತು.”

ಅವಳು ಚರ್ಮದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. “ನೀರಿನ ಕಂಪನಿ ವಿಚಾರಕ್ಕ ಕರದಾಗ, ಬೈದು ಬರಬೇಕು ಅಂತನ ಬಂದಿದ್ದೆ,” ಅಂದಳು. “ನೀವು ನೋಡಿದ್ರ ನೀರಿನ ಚೀಟಿಗೆ ಮೂರು ಮೂರು ಪ್ರಶ್ನೆ ಕೇಳಾಕ ಹತ್ತಿದ್ರಿ. ಬೈಯೂದು ಮರತ ಹೋತು.” ಆಮೇಲೆ ಎದೆಯ ಮೇಲಿನ ಟಿಕೆಟ್ ಮಷೀನನ್ನು ಹಿಡಿದುಕೊಂಡಳು. ಟಕ್ ಟಕ್ ಎಂದು ಒತ್ತಿದಳು. ಚೀಟಿ ಹೊರಗೆ ಬಂತು, ಹರಿದು ನನ್ನ ಕೈಯಲ್ಲಿಟ್ಟಳು. ನಮ್ಮೂರಿನಿಂದ ನಮ್ಮೂರಿಗೆ, ದೊಡ್ಡವರು ಇಬ್ಬರು. “ಇದ ನನ್ನ ಒಪ್ಪಿಗಿ. ಆಗ್ತದೋ ಇಲ್ಲೋ ನಿಮ್ಮ ಕಚೇರಿಯೊಳಗ ಕೇಳ್ರಿ. ತಂಬಿಗಿ ಮಾತ್ರ ನನ್ನ ಕೈಲೆ ಹಿಡಸಬ್ಯಾಡ್ರಿ,” ಅಂದು ಬಸ್ಸು ಹತ್ತಿದಳು.

ಆ ಟಿಕೆಟನ್ನು ಕಿವಿಗೆ ಹಿಡಿದು ನೋಡಿದೆ. ನಗಬೇಡಿ, ಅಭ್ಯಾಸ. ಏನೂ ಕೇಳಿಸಲಿಲ್ಲ. ಊರಿನವರೆಲ್ಲರ ಒಪ್ಪಿಗೆಯನ್ನು ಕೇಳಿದ ಕಿವಿಗೆ ತನಗೆ ಬೇಕಾದ ಒಂದು ಒಪ್ಪಿಗೆ ಬಂದಾಗ ಕೇಳಲು ದನಿಯೇ ಇಲ್ಲ. ಜುಬೇದಾ ಮೇಡಂ ಹತ್ತಿರ ಹೋಗಿ ಟಿಕೆಟನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ, ಹಳೆಯ ರಿಜಿಸ್ಟರಿನ ತಪ್ಪನ್ನೂ ಹೇಳಿದೆ. ಆಕೆ ಕನ್ನಡಕ ಏರಿಸಿ ಟಿಕೆಟನ್ನು ಎರಡು ಸಲ ಓದಿದರು.

“ಇದು ಒಪ್ಪಿಗಿ ಆಗತೈತೇನ್ರಿ ಮೇಡಂ?”

“ಸಭಾದಾಗ ಕಿವಿ ಕೊಯ್ಯಿರಿ ಅಂದವರು ಯಾರು ಪರ್ವತಪ್ಪ?” ಅಂದರು. ನಾನು ತಲೆ ತಗ್ಗಿಸಿದೆ. ಆಕೆ ನಗುತ್ತಲೇ ಮುಂದುವರಿಸಿದರು, “ಒಪ್ಪತೀನಿ ಅನ್ನೂ ಮನಸ್ಸಿಟ್ಟುಕೊಂಡು ಒತ್ತಿದ್ರ ಯಾವ ಮಷೀನ ಆದ್ರೂ ಒಪ್ಪಿಗಿನ. ಆದ್ರ ಮೂರು ಪ್ರಶ್ನೆ ಕೇಳಬೇಕು. ನೀವು ಕೇಳೂ ಹಾಂಗಿಲ್ಲ, ನಿಮ್ಮದ ಪ್ರಕರಣ ಐತಿ. ನಾನ ಬರ್ತೀನಿ. ನಾಳೆ ನೋಡೂಣಂತ.”

ನಾಳೆ ಎಂದದ್ದೇ ನನಗೆ ಹೊಳೆಯಿತು. ಸಂಜೆ ಡಿಪೋದಲ್ಲಿ ಟಿಕೆಟ್ ಮಷೀನು ಒಪ್ಪಿಸಬೇಕು, ಅಲ್ಲಿ ಆ ದಿನದ್ದನ್ನೆಲ್ಲ ಅಳಿಸಿ ಖಾಲಿ ಮಾಡುತ್ತಾರೆ, ಅವಳೇ ಒಮ್ಮೆ ಹೇಳಿದ್ದಳು. ನಾಳೆಗೆ ಕೈಯಾರೆ ತೆಗೆದು ತೋರಿಸಲು ಏನೂ ಇರುವುದಿಲ್ಲ, ಎರಡನೆಯ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ನನ್ನ ಪ್ರಶ್ನೆ ನನ್ನ ಮದುವೆಯನ್ನೇ ಮುರಿಯುತ್ತದೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅಂದರೆ ಇದೇ. ಇನ್ನೊಂದು ಸಲ ಒತ್ತಿಸಿಕೊಂಡರಾಯಿತು ಎಂದು ನೀವು ಅನ್ನಬಹುದು. ಇಪ್ಪತ್ತೇಳು ವರ್ಷ ಒಪ್ಪಿಗೆಯ ಮಾತನ್ನೇ ಹತ್ತಿರ ಸೇರಿಸದವಳು ಒಂದು ಸಲ ಕೊಟ್ಟಿದ್ದಾಳೆ, ಅದನ್ನೂ ನಮ್ಮ ಕಚೇರಿ ಕಳೆದುಹಾಕಿತು ಎಂದು ಹೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ?

“ಮೇಡಂ, ಇವತ್ತ ನಾಲ್ಕೂ ಹತ್ತಕ್ಕ ಬರ್ರಿ. ಕೈ ಮುಗೀತೀನಿ,” ಅಂದೆ. ಆಕೆ ಗಡಿಯಾರ ನೋಡಿ, ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡರು.

ನಾಲ್ಕೂ ಹತ್ತಕ್ಕೆ ಬಸ್ಸು ಬಂತು, ಸಂತೆ ಮುಗಿಸಿದ ಜನ ಕಿಕ್ಕಿರಿದಿದ್ದರು. ಜುಬೇದಾ ಮೇಡಂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ವಿಷಯ ಹೇಳಿದರು. ಮೌನೇಶ ಇಂಜಿನ್ ಬಂದ್ ಮಾಡಿದ. ನಮ್ಮೂರಿನವರಿಗೆ ಒಪ್ಪಿಗೆ ಕೇಳುವ ಹೊತ್ತಿನಲ್ಲಿ ಗದ್ದಲ ಮಾಡಬಾರದು ಅಂತ ಯಾರೂ ಹೇಳಿಕೊಡಬೇಕಿಲ್ಲ, ಕೋಳಿಯ ಬುಟ್ಟಿ ಹಿಡಿದವಳು ಕೂಡ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು.

“ಕಸ್ತೂರಿಯವ್ರ, ಬೇಕಂದ್ರ ತಂಬಿಗಿಯೊಳಗ ಕೊಡಬಹುದು ಅಂತ ಗೊತ್ತೈತೇನು?”

“ಗೊತ್ತೈತ್ರಿ. ಬ್ಯಾಡ.”

“ನಿಮ್ಮ ಕೈಯಾರೆ ತಗದು ತೋರಸ್ರಿ.”

ಕಸ್ತೂರಿ ಮಷೀನು ಒತ್ತಿದಳು. ಅದು ಕೀಂ ಎಂದು ಕೂಗಿ ಸುಮ್ಮನಾಯಿತು. ಕಾಗದದ ಸುರುಳಿ ಮುಗಿದಿತ್ತು. ನಾನು ಗಾಬರಿಯಲ್ಲಿ ಮೆಟ್ಟಿಲು ಹತ್ತಿಯೇಬಿಟ್ಟೆ. ಅವಳು ಮಾತ್ರ ಗಡಿಬಿಡಿ ಮಾಡಲಿಲ್ಲ. ಚೀಲದಿಂದ ಹೊಸ ಸುರುಳಿ ತೆಗೆದು, ಮಷೀನಿನ ಬಾಯಿ ತೆರೆದು ಕೂರಿಸಿ, ಮತ್ತೆ ಒತ್ತಿದಳು. ಆ ದಿನದ ಟಿಕೆಟ್ಟುಗಳ ಪಟ್ಟಿ ಮೊಳದುದ್ದ ಹೊರಗೆ ಬಂತು. ಮೇಡಂ ಬೆರಳಿಟ್ಟು ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ಹನ್ನೊಂದೂ ಇಪ್ಪತ್ತಾರು, ನಮ್ಮೂರಿನಿಂದ ನಮ್ಮೂರಿಗೆ, ದೊಡ್ಡವರು ಇಬ್ಬರು. ಬಗ್ಗಿ ನೋಡುತ್ತಿದ್ದ ಅಜ್ಜನೊಬ್ಬ “ಬರೋಬ್ಬರಿ ಐತಿ,” ಅಂದ.

“ಬ್ಯಾಡ ಅನಿಸಿದ್ರ ಇದನ್ನ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಗೊತ್ತೈತೇನು?”

ಕಸ್ತೂರಿ ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಗೊತ್ತೈತ್ರಿ. ಅದಕ್ಕ ಕೊಟ್ಟೀನಿ,” ಅಂದಳು.

ನನ್ನ ಕಣ್ಣು ತುಂಬಿಬಂದವು. ಮೇಡಂ ರಿಜಿಸ್ಟರಿನಲ್ಲಿ ಬರೆದುಕೊಂಡು, ಪೆನ್ನು ಎತ್ತಿ ನನ್ನತ್ತ ತಿರುಗಿದರು. “ನಿಮ್ಮದು?”

“ನಂದೇನ್ರಿ?”

“ನಿಮ್ಮ ಒಪ್ಪಿಗಿ ಪರ್ವತಪ್ಪ. ಮದುವಿ ಒಬ್ಬರದ ಏನು?”

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಹೊಳೆದೇ ಇರಲಿಲ್ಲ, ದೇವರಾಣೆಗೂ. ಊರಿನವರೆಲ್ಲರ ಒಪ್ಪಿಗೆ ಕೇಳಿದವನು ನಾನು, ನನ್ನನ್ನು ಮಾತ್ರ ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಅವಳು ಕೊಟ್ಟ ರೀತಿಯಲ್ಲೇ ನಾನೂ ಕೊಡಬೇಕು ಅನ್ನಿಸಿ ಜೇಬಿನಿಂದ ಫೋನು ತೆಗೆದೆ. ಒತ್ತಿದೆ, ತಿಕ್ಕಿದೆ, ಅದು ನಂಬರು ಕೇಳಿತು, ನಂಬರು ನೆನಪಾಗಲಿಲ್ಲ. ಕಂಪನಿಯ ಪಟ್ಟಿಯಲ್ಲಿ ಮುನ್ನೂರ ಇಪ್ಪತ್ತೊಂಬತ್ತು ಜನರನ್ನು ಇದೇ ಮೂರು ಪ್ರಶ್ನೆಗಳಲ್ಲಿ ಕೆಡವಿದವನು ಸಂತೆಯ ಜನರೆದುರು ತಾನೇ ಬಿದ್ದೆ.

“ಹಳೇ ಪದ್ಧತಿಯೊಳಗ ಕೊಡಾಕ ನಿಮಗೂ ಹಕ್ಕೈತಿ,” ಅಂದಳು ಕಸ್ತೂರಿ, ನಗು ತಡೆಯುತ್ತಾ. “ಚೀಲದಾಗ ಐತಲ್ಲ, ತಗೀರಿ.”

ತಂಬಿಗೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದೆ. “ಒಪ್ಪಿದೆ,” ಅಂದೆ. ಆ ಮಾತು ಇಷ್ಟು ಭಾರ ಇರುತ್ತದೆ ಎಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಇನ್ನು ಬಟ್ಟೆ ಕಟ್ಟಿ ಮೂರು ದಿನ ಮನೆಯಲ್ಲಿಡಬೇಕು ಎಂದು ಚೀಲಕ್ಕೆ ಹಾಕಲು ಹೋದರೆ ಕಸ್ತೂರಿ ಕೈ ಚಾಚಿದಳು.

“ಈ ಮೂರು ದಿನ ಅದು ನನ್ನ ಕಡೆ ಇರಲಿ.”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಮೇಡಂ ನೆನಪು ಮಾಡಿಕೊಂಡು, “ಅಂದವರ ಮನ್ಯಾಗ ಇರಬೇಕು ಅಂತ ಎಲ್ಲೂ ಬರದಿಲ್ಲ, ರೂಢಿ ಅಷ್ಟ,” ಅಂದರು. ನಾನು ತಂಬಿಗೆಯನ್ನು ಕೊಟ್ಟೆ. ಅವಳು ಅದನ್ನು ಮೊದಲು ಎರಡು ಬೆರಳಲ್ಲಿ ಹಿಡಿದಳು, ಆಮೇಲೆ ಅಂಗೈಯಲ್ಲಿ, ಆಮೇಲೆ ನಿಧಾನವಾಗಿ ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಕೇಳಿ ಮುಗಿಸಿ ಬಾಯಿಗೆ ತನ್ನ ಕರವಸ್ತ್ರ ಕಟ್ಟಿದಳು, ಕಂಕುಳಲ್ಲಿ ಅವುಚಿಕೊಂಡು ಸೀಟಿ ಊದಿದಳು. “ರೈಟ್,” ಅಂದಳು. ಮೌನೇಶ ಬಸ್ಸು ಬಿಟ್ಟ. ಅದು ತಿರುವು ದಾಟುವ ತನಕ ನಾನು ಅಲ್ಲೇ ನಿಂತಿದ್ದೆ. ಮೂರು ದಿನದ ಬಗ್ಗೆ ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ.